ಪತ್ತೇದಾರಿ

‘ಇದು ಬರೀ ಪತ್ತೇದಾರಿ ಅಲ್ಲ, ಗಂಭೀರ ರಾಜಕೀಯ ಕಾದಂಬರಿ’ ಎಂಬ ಹೊಗಳಿಕೆಯನ್ನು ಮಡಿಕೇರಿಯ ಓದುಗ ಗೆಳೆಯರಿಂದ, ಈ ಸಲ ಇಟಲಿಯ ಲೇಖಕ ಉಂಬೆರ್ಟೊ ಎಕೊ ಅವರ ‘ದಿ ನೇಮ್ ಆಫ್ ದಿ ರೋಸ್’ ಕುರಿತು, ಮತ್ತೊಮ್ಮೆ ಕೇಳಬೇಕಾಯಿತು. ಆ ‘ಬರೀ’ ಎಲ್ಲಿಂದ ಬಂತೆಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

‘ದಾರ’ ಪರ್ಷಿಯನ್ ಭಾಷೆಯಿಂದ ಬಂದ ಪ್ರತ್ಯಯ. ಹಿಡಿದವನು, ಹೊಂದಿದವನು ಎಂದರ್ಥ. ತಾಲ್ಲೂಕಿಗೊಬ್ಬ ಸುಬೇದಾರನಿದ್ದ ಕೊಡಗಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಬೇದಾರನ ಹುದ್ದೆ ಸುಬೇದಾರಿಯಾದಂತೆ, ಪತ್ತೇದಾರನ ಕೆಲಸ ಪತ್ತೇದಾರಿ. ಕನ್ನಡದ ಪತ್ತೇದಾರಿ ಕಾದಂಬರಿಕಾರ ಎನ್. ನರಸಿಂಹಯ್ಯನವರ ನಾಯಕ ಪುರುಷೋತ್ತಮ ‘ಪತ್ತೇದಾರ’ನೇ ಆಗಿದ್ದ, ‘ಪತ್ತೇದಾರಿಯೊಬ್ಬ ಬಂದ’ ಎಂದು ಈಗ ಬರೆಯುವವರು ‘ಸುಬೇದಾರಿಯೊಬ್ಬ ಬಂದ’ ಎಂದೂ ಬರೆದು ನೋಡಲಿ. ಪತ್ತೆ ಎಂದರೆ ಇರುವ ಜಾಗದ ಸುಳಿವು. ಕಾಫಿ ಕೊಯ್ಲಿನ ಹೊತ್ತಿಗೆ, ಮುಂಗಡ ಪಡೆದ ಆಳು ‘ನಾಪತ್ತೆ’ ಎಂದು ತೋಟದವರು ಗೊಣಗುವುದು ಇದೇ ಅರ್ಥದಲ್ಲಿ. ಕೊಡಗಿನ ತಾಲ್ಲೂಕುಗಳೊಳಗಿನ ನಾಡುಗಳ ಆಡಳಿತ ನೋಡುತ್ತಿದ್ದ ಪಾರುಪತ್ತೆಗಾರನನ್ನೂ ಕೆಲವರು ಈ ಮನೆತನಕ್ಕೆ ಸೇರಿಸುವುದುಂಟು; ಅವನು ಪಾರುಪತ್ಯದ, ಎಂದರೆ ಮೇಲ್ವಿಚಾರಣೆಯ, ಕಡೆಯವನು, ಪತ್ತೆಯ ನಂಟನಲ್ಲ.

ಇದಕ್ಕಿಂತ ಕೆಟ್ಟ ಗೊಂದಲ ಪತ್ತೆ ಮತ್ತು ತನಿಖೆಗಳದ್ದು. ತನಿಖೆಗೆ ಅಧಿಕಾರ ಬೇಕು, ಪತ್ತೆಗೆ ಬೇಕಾದದ್ದು ಸುಳಿವು. ಮೊದಲನೆಯದು ಎರಡನೆಯದರಲ್ಲಿ ಮುಗಿಯಲೇಬೇಕೆಂದಿಲ್ಲ. 1980ರಲ್ಲಿ ಇಟಾಲಿಯನ್ನಿನಲ್ಲಿ ಪ್ರಕಟವಾದ ಈ ಕಾದಂಬರಿಯ ರಾಜಕೀಯವೆಲ್ಲ ಅಡಗಿರುವುದು ಈ ಅಂತರದಲ್ಲಿಯೇ. 1327ರಲ್ಲಿ, ಕ್ರಿಸ್ತನು ಬಡವನಾಗಿದ್ದನೇ ಎಂಬ ವಾದಕ್ಕಾಗಿ ಪೋಪನ ನಿಯೋಗವೂ ಚಕ್ರವರ್ತಿಯ ಬೆಂಬಲವಿದ್ದ, ಬಡತನದ ವ್ರತ ಹಿಡಿದ ಫ್ರಾನ್ಸಿಸ್ಕನ್ ಸನ್ಯಾಸಿಗಳೂ ಸೇರಲಿರುವ ಮಠದಲ್ಲಿ ಸನ್ಯಾಸಿಗಳು ಒಬ್ಬೊಬ್ಬರಾಗಿ ಸಾಯುತ್ತಾರೆ. ಚರ್ಚಿನ ಮತಕ್ಕೆ ವಿರುದ್ಧ ಹೋದ ಪಾಷಂಡರನ್ನು ವಿಚಾರಣೆಗೊಳಪಡಿಸುವ, ಪೋಪನ ಕಡೆಯ ಧರ್ಮವಿಚಾರಕ ಬರ್ನಾರ್ಡ್ ಗಿ, ಉಗ್ರಾಣ ನೋಡಿಕೊಳ್ಳುವ ರೆಮಿಜಿಯೊನ ಹಳೆಯ ಪಾಷಂಡ ಒಡನಾಟವನ್ನು ಕೆದಕಿ, ಚಿತ್ರಹಿಂಸೆಯ ಭಯ ಹುಟ್ಟಿಸಿ, ಅವನು ಮಾಡದ ಕೊಲೆಗಳನ್ನೂ ಅವನ ಬಾಯಿಂದಲೇ ಒಪ್ಪಿಸುತ್ತಾನೆ. ತನಿಖೆ ಮುಗಿಯಿತು, ಪತ್ತೆಯಾಗಲಿಲ್ಲ. ಹಿಂದೊಮ್ಮೆ ತಾನೂ ಧರ್ಮವಿಚಾರಕನಾಗಿದ್ದು ಅದನ್ನು ಬಿಟ್ಟುಬಂದ, ಈ ಸಾವುಗಳ ಪತ್ತೆಗೆ ಇಳಿದ ಸನ್ಯಾಸಿ ವಿಲಿಯಂ, ನಂಬಿದ ಸೂತ್ರವೇ ತಪ್ಪಾಗಿದ್ದರೂ, ಸರಿಯಾದ ಅಪರಾಧಿಯ ಮುಂದೆ ಬಂದು ನಿಲ್ಲುತ್ತಾನೆ. ಇದರಿಂದ ಪತ್ತೇದಾರಿಯನ್ನು ಕಳೆದರೆ ಯಾವ ರಾಜಕೀಯ ಉಳಿಯುತ್ತದೆಂದು ಗೆಳೆಯರು ಹೇಳಬೇಕು.

ಹಾಗೆಂದು ಕಾದಂಬರಿಯನ್ನು ನಾನು ಪೂರ್ತಿ ಒಪ್ಪಿಕೊಂಡೆನೆಂದಲ್ಲ. ಮೊದಲ ನೂರು ಪುಟಗಳನ್ನು ಮೊಟಕುಗೊಳಿಸಿ ಎಂದು ಪ್ರಕಾಶಕರೇ ಸೂಚಿಸಿದಾಗ, ಅವು ಓದುಗನಿಗೆ ಪ್ರಾಯಶ್ಚಿತ್ತವಿದ್ದಂತೆ ಎಂದು ಎಕೊ ನಿರಾಕರಿಸಿದರು. ಕೊಲೆಗಾರನನ್ನು ಹುಡುಕಲು ಹೊರಟ ಓದುಗ ಯಾವ ಪಾಪಕ್ಕಾಗಿ ಅದನ್ನು ಮಾಡಿಕೊಳ್ಳಬೇಕೋ ತಿಳಿಯದು. ಅನುವಾದವಿಲ್ಲದ ಲ್ಯಾಟಿನ್ ಸಾಲುಗಳೂ ಪಾಷಂಡ ಪಂಗಡಗಳ ಹೆಸರುಗಳೂ ಹೆಣಗಳನ್ನು ಕಾಯಿಸುತ್ತವೆ. ಬಡತನದ ಆ ಮಹಾಚರ್ಚೆ ಬೈದಾಟಕ್ಕಿಳಿದು ಕೈಕೈ ಮಿಲಾಯಿಸುವವರೆಗೆ ಹೋದರೂ ನನ್ನನ್ನು ಹಿಡಿದಿಡಲಿಲ್ಲ. ಅದರ ನಡುವೆ ಮೂಲಿಕೆಗಳ ಪಂಡಿತ ಸೆವೆರಿನಸ್ ವಿಲಿಯಂನನ್ನು ಹೊರಗೆ ಕರೆಸಿ, ತನ್ನ ಪ್ರಯೋಗಶಾಲೆಯಲ್ಲಿ ವಿಚಿತ್ರವಾದ ಪುಸ್ತಕವೊಂದು ಸಿಕ್ಕಿದೆ ಎಂದ ಮೇಲೆಯೇ ನಾನು ನೆಟ್ಟಗೆ ಕುಳಿತು ಓದಿದ್ದು.