ಆ ಬಿಳಿ ಅಂಚಿಗೆ ಕತ್ತರಿ ಹಾಕಬೇಡಿ

"ಸುತ್ತ ಬಿಳಿ ಜಾಗ ಜಾಸ್ತಿ ಇದೆ, ಕತ್ತರಿಸಿ ಫ್ರೇಮ್ ಹಾಕಿಕೊಡಿ." ಕಲಾವಿದರು ಇಷ್ಟೇ ಪ್ರತಿ ಅಂತ ಎಣಿಸಿ ಅಚ್ಚು ಹಾಕಿ, ಸಹಿ ಮಾಡಿದ ಪ್ರಿಂಟ್ ತಂದವರಿಂದ ಸಾಗರದ ನನ್ನ ಫ್ರೇಮ್ ಅಂಗಡಿಯಲ್ಲಿ ಈ ಮಾತು ಕೇಳದ ತಿಂಗಳಿಲ್ಲ. ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಕಳೆದ ಮಳೆಗಾಲದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಸಿಂಗಳೀಕದ ಪ್ರಿಂಟ್ ತಂದರು. ಕಪ್ಪು ಮುಖ, ಸುತ್ತ ಬೂದು ಕೇಸರ, ಕೂದಲು ಕೂದಲೂ ಬೇರೆಯಾಗಿ ಕಾಣುವಂಥ ಕೆಲಸ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆ ಯಾವ ಕಾಡಿನಲ್ಲೂ ಇಲ್ಲದ ಪ್ರಾಣಿ ಅದು. ನಮ್ಮ ಶರಾವತಿ ಕಣಿವೆಯಲ್ಲಿ 2019ರಲ್ಲಿ ಅದರ ಹೆಸರಲ್ಲೇ ಅಭಯಾರಣ್ಯ ಆಯಿತು. ಮೇಷ್ಟ್ರು ಪಿಂಚಣಿ ಹಣದಲ್ಲಿ ಆಸೆಪಟ್ಟು ಕೊಂಡಿದ್ದರು. ಆದರೆ ಮನೆಯ ಹಳೇ ಫ್ರೇಮಿಗೆ ಕೂರಲಿ ಅಂತ ಬೇರೊಂದು ಅಂಗಡಿಯಲ್ಲಿ ನಾಲ್ಕೂ ಅಂಚು ಕತ್ತರಿಸಿ ಹಾಕಿಸಿಬಿಟ್ಟಿದ್ದರು.

"ಚಿತ್ರ ಹಾಗೇ ಇದ್ಯಲ್ಲ ಮಾರಾಯ, ಖಾಲಿ ಕಾಗದ ತಾನೇ ಹೋಗಿದ್ದು?" ಅಂದರು.

ಖಾಲಿ ಅಲ್ಲ ಮೇಷ್ಟ್ರೇ. ಚಿತ್ರದ ಕೆಳಗೆ ಎಡಗಡೆ ಪೆನ್ಸಿಲಿನಲ್ಲಿ 23/75 ಅಂತಲೋ ಏನೋ ಇರುತ್ತದೆ, ಬಲಗಡೆ ಕಲಾವಿದರ ಸಹಿ. ಸಂಖ್ಯೆ ಹಾಕಿದ ಪ್ರತಿ ಎಪ್ಪತ್ತೈದೇ, ಇದು ಇಪ್ಪತ್ತಮೂರನೆಯದು ಅಂತ ಅರ್ಥ. ಚಿತ್ರವನ್ನು ಈಗ ಯಾರು ಬೇಕಾದರೂ ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಬಹುದು. ಕಲಾವಿದರು ಈ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಿ ಒಪ್ಪಿದರು ಅನ್ನೋದಕ್ಕೆ ಹಾಳೆಯ ಮೇಲಿರುವ ಗುರುತು ಆ ಪೆನ್ಸಿಲ್ ಬರಹ ಮಾತ್ರ.

ಪೆನ್ಸಿಲ್ ಯಾಕೆ, ಪೆನ್ ಆಗೋದಿಲ್ವಾ ಅಂತ ಕೇಳುತ್ತಾರೆ. ಎಷ್ಟೋ ಪೆನ್ನಿನ ಶಾಯಿ ಬೆಳಕಿಗೆ ಮಾಸುತ್ತದೆ, ತೇವಕ್ಕೆ ಹರಡುತ್ತದೆ. ಪೆನ್ಸಿಲಿನ ಕಡ್ಡಿ ಇಂಗಾಲ, ಬಣ್ಣ ಕಳೆದುಕೊಳ್ಳೋದಿಲ್ಲ. ಹತ್ತಿಯ ಕಾಗದದ ನಾರಿನೊಳಗೆ ಕೂರುತ್ತದೆ. ಉಜ್ಜಿ ತೆಗೆದು ಬೇರೆ ಸಂಖ್ಯೆ ಬರೆದರೆ ಕಾಗದ ಜುಂಗೇಳುತ್ತದೆ, ಓರೆಯಾಗಿ ಬೆಳಕು ಬಿಟ್ಟರೆ ಸಿಕ್ಕಿಬೀಳುತ್ತದೆ.

ಅಂಚು ಹೋದರೆ ಬೆಲೆ ಎಷ್ಟು ಇಳಿಯುತ್ತದೆ ಅಂತ ನಾನು ಹೇಳಲಾರೆ. ಅದು ಕಲಾವಿದರು ಯಾರು, ಕೊಳ್ಳುವವರು ಯಾರು ಅನ್ನೋದರ ಮೇಲಿದೆ. ಪ್ರಿಂಟ್ ಅಸಲಿ ಅಂತ ಅದರ ಜೊತೆ ಕೊಟ್ಟ ಪ್ರಮಾಣಪತ್ರ ಇದ್ದರೆ ಸ್ವಲ್ಪ ಆಸರೆ. ಆದರೆ ಅದು ಇದೇ ಹಾಳೆಯದ್ದು ಅಂತ ತೋರಿಸೋದು ಕಷ್ಟ.

ಫ್ರೇಮ್ ಚಿಕ್ಕದಾದರೆ ಫ್ರೇಮನ್ನೇ ಬದಲಾಯಿಸಿ. ಸಂಖ್ಯೆ, ಸಹಿ ಕಾಣುವಷ್ಟು ಜಾಗ ಬಿಟ್ಟು ಆಮ್ಲವಿಲ್ಲದ ಮೌಂಟ್ ಬೋರ್ಡ್, ಅಂದರೆ ಗಾಜಿಗೂ ಚಿತ್ರಕ್ಕೂ ನಡುವೆ ಸುತ್ತ ಕೂರುವ ದಪ್ಪ ರಟ್ಟು, ಹಾಕಿಸಿ. ಅದರಿಂದ ಗಾಜೂ ಕಾಗದಕ್ಕೆ ತಾಗೋದಿಲ್ಲ. ನಮ್ಮ ಮಲೆನಾಡಿನ ಮಳೆಗೆ ಇದು ಬೇಕೇ ಬೇಕು, ತಾಗಿದರೆ ಬೂಸ್ಟು ಹಿಡಿಯುತ್ತದೆ. ಈಗಾಗಲೇ ಕತ್ತರಿಸಿಯಾಗಿದ್ದರೆ ಆ ಪಟ್ಟಿಯನ್ನು ದಯವಿಟ್ಟು ಎಸೆಯಬೇಡಿ, ತನ್ನಿ. ಫ್ರೇಮಿನ ಹಿಂದೆ ಲಕೋಟೆಯಲ್ಲಿ ಇಟ್ಟುಕೊಡುತ್ತೇನೆ.

ಮೇಷ್ಟ್ರು ಅದೇ ಮಳೆಯಲ್ಲಿ ಕೊಡೆ ಹಿಡಿದು ಆ ಅಂಗಡಿಗೆ ವಾಪಸ್ ಹೋದರು. ಕಸ ಆಗಲೇ ಗುಡಿಸಿಯಾಗಿತ್ತು.