ಡಾಖೌ: ಬ್ಯಾರಕ್‌ಗಳೆಲ್ಲ ಎಲ್ಲಿ ಹೋದವು?

ಜರ್ಮನಿಯ ಮ್ಯೂನಿಕ್‌ನಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಡಾಖೌ ಊರು, ಅಲ್ಲಿಂದ ಸಿಟಿ ಬಸ್. ನಾಜಿಗಳ ಸೆರೆಶಿಬಿರವಿದ್ದ ಜಾಗ ಈಗ ಸ್ಮಾರಕ; ಒಳಗೆ ಹೋಗಲು ಟಿಕೆಟ್ ಬೇಕಿಲ್ಲ. ಕಬ್ಬಿಣದ ಗೇಟು ದಾಟಿದರೆ ಕಣ್ಣಿಗೆ ಬೀಳುವುದು ಬರೀ ಬಯಲು. ಜಲ್ಲಿ ಹರಡಿದ ಮೈದಾನದಾಚೆ ಸಾಲುಮರ, ಅದರ ಎರಡೂ ಕಡೆ ಪಾಯ ಹಾಕಿ ಕೈಬಿಟ್ಟ ಮನೆಗಳಂತೆ ಕಾಂಕ್ರೀಟ್ ಚೌಕಟ್ಟುಗಳು, ಒಂದೊಂದಕ್ಕೂ ಒಂದು ನಂಬರು. ಇಲ್ಲಿ 34 ಬ್ಯಾರಕ್‌ಗಳಿದ್ದವು. ಈಗಿರುವುದು ಎರಡೇ, ಅವೂ ಆಮೇಲೆ ಹೊಸದಾಗಿ ಕಟ್ಟಿದವು.

ನಾಜಿಗಳೇ ಸುಟ್ಟು ಓಡಿಹೋಗಿರಬೇಕು ಅನ್ನಿಸುತ್ತದೆ. ಹಾಗಾಗಿಲ್ಲ.

ಹಿಟ್ಲರ್ ಅಧಿಕಾರಕ್ಕೆ ಬಂದು ಎರಡು ತಿಂಗಳೂ ಕಳೆದಿರಲಿಲ್ಲ; 1933ರ ಮಾರ್ಚ್ 22ರಂದು ಹಳೆಯ ಮದ್ದುಗುಂಡು ಕಾರ್ಖಾನೆಯಲ್ಲಿ ಈ ಶಿಬಿರ ಶುರುವಾಯಿತು. ಮೊದಲು ರಾಜಕೀಯ ವಿರೋಧಿಗಳು, ಆಮೇಲೆ ಯಹೂದಿಗಳು, ಪಾದ್ರಿಗಳು, ಯುದ್ಧಕೈದಿಗಳು. ಒಟ್ಟು 2 ಲಕ್ಷಕ್ಕೂ ಹೆಚ್ಚು ಕೈದಿಗಳು. ಸತ್ತವರು ಕನಿಷ್ಠ 41,500. 1945ರ ಏಪ್ರಿಲ್ 29ರಂದು ಅಮೆರಿಕದ ಸೇನೆ ಬಂದಿತು. ಆಗ ಬ್ಯಾರಕ್‌ಗಳು ನಿಂತೇ ಇದ್ದವು.

ಕೈದಿಗಳಿದ್ದಲ್ಲಿ ಕೆಲಕಾಲ ನಾಜಿ ಆರೋಪಿಗಳನ್ನೇ ಕೂಡಿಹಾಕಿದರು. 1948ರಲ್ಲಿ ಇಲ್ಲಿನ ಬವೇರಿಯ ರಾಜ್ಯ ಸರ್ಕಾರ ಅದೇ ಬ್ಯಾರಕ್‌ಗಳನ್ನು ಪೂರ್ವ ಯುರೋಪಿನಿಂದ ಹೊರದಬ್ಬಿಸಿಕೊಂಡು ಬಂದ ಜರ್ಮನ್ ನಿರಾಶ್ರಿತರಿಗೆ ಕೊಟ್ಟಿತು. ಅಂಗಡಿ, ಶಾಲೆ, ಹೋಟೆಲು ಎಲ್ಲ ಬಂದವು. ಶಿಬಿರ ನಡೆದದ್ದು 12 ವರ್ಷ. ಸಂಸಾರಗಳು ಅಲ್ಲಿ ಬಾಳಿದ್ದು ಅದಕ್ಕಿಂತ ಹೆಚ್ಚು. ಅವರನ್ನು ದೂರುವುದು ಹೇಗೆ? ಅವರೂ ಮನೆ ಕಳಕೊಂಡು ಬಂದವರೇ. ಆದರೆ ಊರಿನವರಲ್ಲಿ ಹಲವರಿಗೆ ನೆನಪೇ ಬೇಡವಾಗಿತ್ತು. 1955ರಲ್ಲಿ ಸ್ಥಳೀಯ ಅಧಿಕಾರಿಯೊಬ್ಬರು ಚಿತಾಗಾರವನ್ನೇ ಕೆಡವಿಬಿಡಿ ಎಂದರು. ಬದುಕುಳಿದ ಕೈದಿಗಳು ಮತ್ತೆ ಒಗ್ಗೂಡಿ ಹಟ ಹಿಡಿದರು. 1965ರ ಮೇನಲ್ಲಿ ಸ್ಮಾರಕ ತೆರೆಯಿತು. ಅಷ್ಟರಲ್ಲಿ ಶಿಥಿಲವಾದ ಬ್ಯಾರಕ್‌ಗಳನ್ನು ಕೆಡವಿದ್ದಾಗಿತ್ತು.

ಅಂದಹಾಗೆ, ನಾವು ದಾಟಿ ಬರುವ ಗೇಟೂ ನಕಲೇ. ‘ದುಡಿಮೆಯಿಂದ ಬಿಡುಗಡೆ’ ಎಂಬ ಕುಹಕದ ಬರಹವಿದ್ದ ಗೇಟನ್ನು 2014ರಲ್ಲಿ ಯಾರೋ ಕದ್ದರು. ಎರಡು ವರ್ಷದ ಮೇಲೆ ಅದು ನಾರ್ವೆಯಲ್ಲಿ ಸಿಕ್ಕಿತು. ಈಗ ಮ್ಯೂಸಿಯಂ ಒಳಗಿದೆ.

ನಮ್ಮ ಕಡೆಯವರು ಬಂದರೆ ಚಿತಾಗಾರದ ಗೋಡೆಯ ಫಲಕವೊಂದರ ಮುಂದೆ ನಿಲ್ಲುತ್ತಾರೆ. ಅದರಲ್ಲಿರುವ ನಾಲ್ಕು ಹೆಸರುಗಳಲ್ಲಿ ಒಂದು ನೂರ್ ಇನಾಯತ್ ಖಾನ್. ಟಿಪ್ಪು ಸುಲ್ತಾನನ ವಂಶದವಳು, ಬ್ರಿಟನ್ನಿನ ಪರವಾಗಿ ಪ್ಯಾರಿಸ್‌ನಲ್ಲಿ ಗುಪ್ತ ವೈರ್‌ಲೆಸ್ ನಡೆಸಿದವಳು. 1944ರ ಸೆಪ್ಟೆಂಬರ್ 13ರಂದು ಆಕೆಯನ್ನೂ ಜೊತೆಯ ಮೂವರು ಹೆಂಗಸರನ್ನೂ ಇಲ್ಲೇ ಗುಂಡಿಕ್ಕಿ ಕೊಂದರು. 1955ರಲ್ಲಿ ಕೆಡವಿ ಎಂದಿದ್ದು ಈ ಚಿತಾಗಾರವನ್ನೇ.