ಬೆಳಗಿನ ಚಳಿ ಏಕಾಏಕಿ ಬಿಟ್ಟಿತೇ? ಅಂಗಳದ ಅಡಿಕೆ ನೋಡಿಕೊಳ್ಳಿ

ಡಿಸೆಂಬರ್ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಬೆಳೆಗಾರರು ಫೋನ್ ಮಾಡಿ ಕೇಳುವ ಪ್ರಶ್ನೆ ಬಹುತೇಕ ಒಂದೇ: 'ಸರ್, ಈ ವಾರ ಕೊನೆ ಕೊಯ್ಸಬಹುದಾ? ಮೋಡ ಬರ್ತದಾ?' ಕೊನೆ ಎಂದರೆ ಅಡಿಕೆ ಗೊನೆ. ಬೆಳೆಗಾರರಿಗೆ ಹವಾಮಾನ ಸಲಹೆ ಕೊಡುವುದೇ ನನ್ನ ಕೆಲಸ. ಆದರೂ ತಕ್ಷಣ ಉತ್ತರ ಕೊಡುವುದಿಲ್ಲ. ಮೊದಲು ಇಷ್ಟು ಕೇಳುತ್ತೇನೆ: 'ನಿನ್ನೆ ಬೆಳಿಗ್ಗೆ ಚಳಿ ಹೇಗಿತ್ತು, ಇವತ್ತು ಹೇಗಿತ್ತು?'

ಮಧ್ಯಾಹ್ನದ ಬಿಸಿಲು ನೋಡಿ ಲೆಕ್ಕ ಹಾಕುವವರೇ ಜಾಸ್ತಿ. ಆದರೆ ನಮ್ಮ ಘಟ್ಟದ ಮೇಲೆ ಹವೆ ಬದಲಾಗುವ ಸುದ್ದಿ ಮೊದಲು ಗೊತ್ತಾಗುವುದು ರಾತ್ರಿ. ಹಗಲು ಆಮೇಲೆ ಬದಲಾಗುತ್ತದೆ.

ಚಳಿಗಾಲದಲ್ಲಿ ನಮಗೆ ಗಾಳಿ ಬರುವುದು ಪೂರ್ವದಿಂದ, ಬಯಲುಸೀಮೆಯ ಮೇಲಿಂದ. ಅದು ಒಣ ಗಾಳಿ. ಆಕಾಶ ತಿಳಿಯಾಗಿದ್ದರೆ ಹಗಲು ನೆಲ ಹೀರಿಕೊಂಡ ಶಾಖವೆಲ್ಲ ರಾತ್ರಿ ಮೇಲಕ್ಕೆ ಹೋಗಿಬಿಡುತ್ತದೆ. ತಡೆಯುವುದಕ್ಕೆ ಏನೂ ಇಲ್ಲ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗುತ್ತದೆ, ತಣ್ಣಗಾದದ್ದು ಭಾರವಾಗುತ್ತದೆ, ಭಾರವಾದದ್ದು ಇಳಿಜಾರು ಹಿಡಿದು ಕೆಳಗೆ ಹರಿಯುತ್ತದೆ. ನಮ್ಮ ತೋಟಗಳೆಲ್ಲ ಎರಡು ಬೆಟ್ಟದ ನಡುವಿನ ಹೊಂಡದಲ್ಲಿ ಇವೆ, ಅಲ್ವಾ? ತಂಪು ಬಂದು ನಿಲ್ಲುವುದು ಅಲ್ಲೇ. ಬೆಳಗಿನ ಜಾವ ಮನೆ ಅಂಗಳದಿಂದ ತೋಟಕ್ಕೆ ಇಳಿದರೆ, ನಾಲ್ಕು ಹೆಜ್ಜೆಯಲ್ಲಿ ಚಳಿ ಕಾಲಿಗೆ ತಾಗುವುದು ಇದಕ್ಕೇ. ಶಿರಸಿ ಪೇಟೆಯ ತಾಪಮಾನ ನೋಡಿ ಹೊಂಡದ ತೋಟದ ಚಳಿ ಲೆಕ್ಕ ಹಾಕಿದರೆ ತಪ್ಪುತ್ತದೆ.

ಅದೇ ಗಾಳಿ ದೇವಿಮನೆ ಘಟ್ಟ, ಅರಬೈಲ್ ಘಟ್ಟ ಇಳಿದು ಕರಾವಳಿಗೆ ಹೋದಾಗ ಕಥೆಯೇ ಬೇರೆ. ಇಳಿಯುವ ಒಣ ಗಾಳಿ ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿ ಬಿಸಿಯಾಗುತ್ತದೆ. ಶಿರಸಿ ಸಮುದ್ರ ಮಟ್ಟಕ್ಕಿಂತ 590 ಮೀಟರಿನಷ್ಟು ಎತ್ತರದಲ್ಲಿದೆ. ಅಂದರೆ ಇಲ್ಲಿಂದ ಹೊರಟ ಗಾಳಿ ಕುಮಟಾ ಮುಟ್ಟುವ ಹೊತ್ತಿಗೆ ಐದಾರು ಡಿಗ್ರಿ ಬಿಸಿಯಾಗಿರುತ್ತದೆ. ಮೂಡಣ ಗಾಳಿಗೆ ಜೋರಿದ್ದರೆ ಸಮುದ್ರದ ಗಾಳಿ ಒಳಗೆ ಬರುವುದೂ ತಡವಾಗುತ್ತದೆ. ಹಾಗಾಗಿಯೇ ಡಿಸೆಂಬರ್, ಜನವರಿಯಲ್ಲೂ ಕಾರವಾರ, ಹೊನ್ನಾವರದ ಮಧ್ಯಾಹ್ನದ ತಾಪಮಾನ 33-35 ಡಿಗ್ರಿಗೆ ಏರುತ್ತದೆ. ಇಡೀ ರಾಜ್ಯದಲ್ಲೇ ಹೆಚ್ಚಿನ ಉಷ್ಣಾಂಶ ಅಲ್ಲಿ ದಾಖಲಾಗುವ ದಿನಗಳಿವೆ. ಜಿಲ್ಲೆ ಒಂದೇ, ಹವೆ ಒಂದಲ್ಲ. ಮೊಬೈಲಿನಲ್ಲಿ 'ಉತ್ತರ ಕನ್ನಡ' ಎಂದು ಬರುವ ಒಂದು ಸಾಲನ್ನು ಓದುವಾಗ ಇದು ನೆನಪಿರಲಿ.

ಈಗ ಚಳಿ ಏಕಾಏಕಿ ಬಿಡುವ ವಾರದ ವಿಷಯಕ್ಕೆ ಬರೋಣ. ಮೊದಲ ಎರಡು ದಿನ ಗಡಗಡ ಚಳಿ, ಒಳ್ಳೆಯ ಬಿಸಿಲು. ಮೂರನೇ ದಿನ ಬೆಳಿಗ್ಗೆ ಎದ್ದರೆ ಚಳಿಯೇ ಇಲ್ಲ. ಹಿಂದಿನ ರಾತ್ರಿ ಚಂದ್ರನ ಸುತ್ತ ಬಳೆ ಕಂಡಿದ್ದರೂ ಕಂಡಿರಬಹುದು. ತುಂಬ ಎತ್ತರದಲ್ಲಿ ಹಿಮದ ಕಣಗಳ ತೆಳು ಮೋಡ ಬಂದಿದೆ ಎಂದು ಅದರ ಅರ್ಥ. ಮೋಡ ನೆಲಕ್ಕೆ ಕಂಬಳಿ ಹೊದಿಸಿದ ಹಾಗೆ, ಶಾಖ ಹೊರಗೆ ಹೋಗದಂತೆ ತಡೆಯುತ್ತದೆ. ಜೊತೆಗೆ ಗಾಳಿಯಲ್ಲಿ ತೇವವೂ ಏರಿರುತ್ತದೆ. ಹಗಲಿನ ಬಿಸಿಲು ಇನ್ನೂ ಚೆನ್ನಾಗಿಯೇ ಇರುತ್ತದೆ. ನೋಡಿದವರಿಗೆ ಏನೂ ಬದಲಾದ ಹಾಗೆ ಕಾಣುವುದಿಲ್ಲ. ಆದರೆ ಒಂದೇ ರಾತ್ರಿಯಲ್ಲಿ ಬೆಳಗಿನ ತಾಪಮಾನ ಮೂರು-ನಾಲ್ಕು ಡಿಗ್ರಿ ಏರಿದರೆ, ಮುಂದಿನ ಎರಡು ದಿನಕ್ಕೆ ಈಗಲೇ ತಯಾರಾಗಿ ಎಂದೇ ನಾನು ಹೇಳುವುದು. ಮಳೆ ಬಂದೇ ಬರುತ್ತದೆ ಎಂದೇನಲ್ಲ. ಆದರೆ ಒಣಗಿಸುವ ಬಿಸಿಲು ಹೋಗುವ ಸಾಧ್ಯತೆ ಹೆಚ್ಚು.

ಇದರ ಮೂಲ ಹೆಚ್ಚಾಗಿ ಬಂಗಾಳ ಕೊಲ್ಲಿಯಲ್ಲಿ ಇರುತ್ತದೆ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಮುಟ್ಟಿತು. ಆಮೇಲೆ ಬಲ ಕಳೆದುಕೊಂಡು, ಒಳನಾಡು ದಾಟಿ, ಡಿಸೆಂಬರ್ ಮೊದಲ ವಾರ ಅರಬ್ಬಿ ಸಮುದ್ರದ ಕಡೆ ಸಾಗಿತು. ಆ ದಾರಿಯಲ್ಲೇ ರಾಜ್ಯದ ಕರಾವಳಿ, ಮಲೆನಾಡಿಗೂ ಮೋಡ, ಮಳೆ ತಂದಿತು. ಚೆನ್ನೈ ಕಡೆ ಸೈಕ್ಲೋನ್ ಎಂಬ ಸುದ್ದಿ ಬಂದರೆ ನಮಗೇನು ಎಂದು ಟಿವಿ ಬಂದ್ ಮಾಡಬೇಡಿ. ಎರಡು-ಮೂರು ದಿನದ ಮೇಲೆ ಅದರ ಬಾಲ ನಮ್ಮ ಅಂಗಳದ ಮೇಲೂ ಹಾಯಬಹುದು.

ಅಂಗಳದಲ್ಲಿ ಏನಾಗುತ್ತದೆ ನೋಡಿ. ಚಾಲಿಗೆ, ಅಂದರೆ ಬೇಯಿಸದೆ ಒಣಗಿಸಿ ಸುಲಿಯುವ ಬಿಳಿ ಅಡಿಕೆಗೆ, ಹಾಕಿದ ಹಣ್ಣಡಿಕೆ ಸಿಪ್ಪೆ ಸಮೇತ 40-45 ದಿನ ಒಣಗಬೇಕು. ಮೊದಲ ಹತ್ತು-ಹನ್ನೆರಡು ದಿನ ಹೊರಗೆ ಸಿಪ್ಪೆ ಒಣಗಿದ ಹಾಗೆ ಕಾಣುತ್ತದೆ, ಒಳಗಿನ ನಾರು ಮಾತ್ರ ಹಸಿಯಾಗಿಯೇ ಇರುತ್ತದೆ. ಮೋಡ ಬಂತು ಎಂದು ಗಾಬರಿಯಾಗಿ ರಾಶಿ ಮಾಡಿ, ಮೇಲೆ ಟಾರ್ಪಾಲ್ ಬಿಗಿಯಾಗಿ ಹೊದಿಸಿ ಎರಡು ದಿನ ಬಿಡುತ್ತಾರೆ. ಟಾರ್ಪಾಲ್ ಎತ್ತಿ ಒಳಮೈ ಮುಟ್ಟಿ ನೋಡಿ. ಹನಿಹನಿ ನೀರು ನಿಂತಿರುತ್ತದೆ. ಅದು ಮಳೆ ನೀರಲ್ಲ, ಅಡಿಕೆಯಿಂದಲೇ ಹೊರಬಂದ ತೇವ. ರಾಶಿಯೊಳಗೆ ಕೈ ಹಾಕಿದರೆ ಬೆಚ್ಚಗಿರುತ್ತದೆ. ಬೂಷ್ಟು ಹಿಡಿಯುವುದಕ್ಕೆ ಇನ್ನೇನು ಬೇಕು? ಸುಲಿದಾಗ ಕಪ್ಪು ಕಲೆ ಕಾಣುತ್ತದೆ. ಚಾಲಿ ಎಂದು ಮಾರಬೇಕಾದದ್ದು ಪೇಟೆಯಲ್ಲಿ ಕಡಿಮೆ ದರ್ಜೆಯ ಕೋಕಾ ಆಗಿಬಿಡುತ್ತದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ 2019ರಲ್ಲಿ ಶಿರಸಿ ಅಡಿಕೆಗೆ ಸಿಕ್ಕಿದೆ. ಅಂಥ ಹೆಸರಿನ ಮಾಲು ಎರಡು ದಿನದ ಮೋಡಕ್ಕೆ ಹಾಳಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಮೋಡದ ದಿನ ಹೊಸ ಅಡಿಕೆಯನ್ನು ರಾಶಿ ಮಾಡಲೇಬೇಡಿ. ಮಾಡಿನ ಕೆಳಗೆ, ಜಗಲಿಯಲ್ಲಿ, ಅಟ್ಟದ ಮೇಲೆ, ಜಾಗ ಇದ್ದಲ್ಲೆಲ್ಲ ತೆಳ್ಳಗೆ ಹರಡಿ ಗಾಳಿಯಾಡಲು ಬಿಡಿ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಗಲಗಲ ಎನ್ನುವಷ್ಟು ಒಣಗಿದ ಅಡಿಕೆಗೆ ಇಷ್ಟು ಭಯ ಇಲ್ಲ, ಅದನ್ನು ಚೀಲಕ್ಕೆ ತುಂಬಿ ಒಳಗಿಡಿ. ಜಾಗ ಕಡಿಮೆ ಇದ್ದರೆ ಜಗಲಿ ಸಿಗಬೇಕಾದ್ದು ಹೊಸ ಅಡಿಕೆಗೆ. ಎಷ್ಟೋ ಮನೆಗಳಲ್ಲಿ ಇದು ಉಲ್ಟಾ ಆಗುತ್ತದೆ.

ಕೆಂಪಡಿಕೆ ಮಾಡುವವರಿಗೆ ಇನ್ನೂ ಕಷ್ಟ. ಸುಲಿದು, ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಾಕಿದ ಮೇಲೆ ಅದು ಕಾಯುವುದಿಲ್ಲ. ಡ್ರೈಯರ್ ಇಲ್ಲದಿದ್ದರೆ ಚಳಿ ಬಿಟ್ಟ ದಿನವೇ ಕೊಯ್ಲು ನಿಲ್ಲಿಸುವುದು ಒಳ್ಳೆಯದು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಸಿಗುವುದೇ ಅಪರೂಪ, ಬಂದವರನ್ನು ವಾಪಸ್ ಕಳಿಸುವುದು ಹೇಗೆ ಎಂದು ಬೆಳೆಗಾರರು ಕೇಳುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಮರದ ಮೇಲಿನ ಕೊನೆ ಮೂರು-ನಾಲ್ಕು ದಿನ ತಡೆಯುತ್ತದೆ. ಬೇಯಿಸಿದ ಅಡಿಕೆ ಒಂದು ದಿನವೂ ತಡೆಯುವುದಿಲ್ಲ. ಕೊಯ್ಯಲೇಬೇಕಾಗಿ ಬಂದರೆ ಹಣ್ಣಾದ ಕೊನೆ ಮಾತ್ರ ಇಳಿಸಿ ಚಾಲಿಗೆ ಬಿಡಿ.

ಮಳೆ ನಿಂತ ಮೇಲೆ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ನಾನು ಜಾಸ್ತಿ ಎಚ್ಚರಿಕೆ ಹೇಳುವುದು ಆಗಲೇ. ನೆಲ ಒದ್ದೆಯಾಗಿದೆ, ಆಕಾಶ ತೆರೆದಿದೆ, ಗಾಳಿ ನಿಂತಿದೆ. ಅವತ್ತು ರಾತ್ರಿ ಹೊಂಡದಲ್ಲಿ ದಟ್ಟ ಮಂಜು ಬೀಳುತ್ತದೆ. ಬೆಳಿಗ್ಗೆ ಒಂಬತ್ತು, ಕೆಲವು ಕಡೆ ಹತ್ತು ಗಂಟೆಯವರೆಗೂ ಅದು ಏಳುವುದಿಲ್ಲ. ಆಕಾಶ ತಿಳಿಯಾಯಿತು ಎಂದು ಏಳು ಗಂಟೆಗೇ ಅಡಿಕೆ ಹರಡಿದರೆ, ಒಣಗಿದ ಸಿಪ್ಪೆ ಮತ್ತೆ ತೇವ ಹೀರುತ್ತದೆ. ಅಂಗಳಕ್ಕೆ ಅಂಗೈ ಒತ್ತಿ ನೋಡಿ. ತಣ್ಣಗೆ, ಹಸಿಯಾಗಿ ತಾಗಿದರೆ ಇನ್ನೂ ಕಾಯಿರಿ. ಸಂಜೆ ನಾಲ್ಕೂವರೆಯ ಒಳಗೆ ಒಟ್ಟು ಮಾಡಿ, ಇಬ್ಬನಿ ಬೀಳುವವರೆಗೆ ಬಿಡಬೇಡಿ.

ಎಲೆಚುಕ್ಕಿ ರೋಗ ಇರುವ ತೋಟದವರು ಇದೇ ಮಂಜಿನ ದಿನಗಳಲ್ಲಿ ತಲೆ ಎತ್ತಿ ಸೋಗೆ ನೋಡಬೇಕು. ಎಲೆ ಹೆಚ್ಚು ಹೊತ್ತು ಒದ್ದೆಯಾಗಿದ್ದಷ್ಟೂ ಈ ಶಿಲೀಂಧ್ರಕ್ಕೆ ಅನುಕೂಲ. ಹೊಸ ಚುಕ್ಕಿ ಕಂಡರೆ ರೋಗ ಬಂದ ಸೋಗೆ ಕತ್ತರಿಸಿ ಸುಟ್ಟುಬಿಡಿ, ತೋಟದಲ್ಲೇ ಬಿಡಬೇಡಿ.

ಘಟ್ಟದ ಕೆಳಗಿನವರಿಗೆ ಈ ವಾರ ಬೇರೆ ರೀತಿ ಕಾಡುತ್ತದೆ. ಅಂಕೋಲಾದ ಕರಿ ಇಶಾಡು ಮಾವು, ಗುಡ್ಡದ ಗೇರು ಹೂ ಬಿಡುವ ಸಮಯ ಇದು. ಮಾವಿಗೆ ಹೂ ಬರಲು ತಂಪು ರಾತ್ರಿ, ಒಣ ಹವೆ ಬೇಕು. ಮೋಡ ಕವಿದು ತೇವ ಏರಿದರೆ ಬೂದಿ ರೋಗ, ಜಿಗಿಹುಳು ಎರಡೂ ಹೆಚ್ಚುತ್ತವೆ. ಗೇರಿನ ಚಿಗುರಿಗೆ ಟೀ ಸೊಳ್ಳೆ ಎಂಬ ರಸ ಹೀರುವ ಕೀಟ ಬೀಳುತ್ತದೆ. ಮೋಡದ ವಾರ ಮುಗಿದ ಕೂಡಲೇ ಹೂಗೊಂಚಲನ್ನು ಹತ್ತಿರದಿಂದ ನೋಡಿ. ಬಿಳಿ ಪುಡಿ ಕಂಡರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2-3 ಗ್ರಾಂ ಹಾಕಿ ಸಿಂಪಡಿಸಬಹುದು. ಆದರೆ ಹೂ ಪೂರ್ತಿ ಅರಳಿರುವಾಗ ಬೇಡ, ಜೇನು ಬರುವ ಹೊತ್ತು ಅದು.

ಹವಾಮಾನ ಇಲಾಖೆಯ ಕೃಷಿ ಸಲಹೆ ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ, 'ಮೇಘದೂತ್' ಆ್ಯಪಿನಲ್ಲಿ ಕನ್ನಡದಲ್ಲೇ ಓದಬಹುದು. ಅದರ ಜೊತೆಗೆ ಒಂದು ಸಾದಾ ಥರ್ಮಾಮೀಟರ್ ತಂದು ತೋಟದ ಅಂಚಿನಲ್ಲಿ, ಬಿಸಿಲು ಬೀಳದ ಕಡೆ, ಎದೆಯ ಎತ್ತರಕ್ಕೆ ತೂಗುಹಾಕಿ. ದಿನಾ ಬೆಳಿಗ್ಗೆ ಆರು ಗಂಟೆಗೆ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂದಿನ ಸಲ ಫೋನ್ ಮಾಡುವಾಗ ಹಿಂದಿನ ನಾಲ್ಕು ದಿನದ ಆ ಅಂಕಿ ಹೇಳಿ. ಕೊನೆ ಕೊಯ್ಸಬಹುದೋ ಬೇಡವೋ ಎಂದು ನಿಮ್ಮ ತೋಟಕ್ಕೇ ಸರಿಹೋಗುವ ಹಾಗೆ ಹೇಳಲು ನನಗೂ ಆಗುತ್ತದೆ.